ಬಂದ ಸಾಕ್ಷಿಯನ್ನು ಹಾಗೇ ವಾಪಸ್ ಕಳಿಸಬೇಡಿ

ಕರ್ನಾಟಕ ಹೈಕೋರ್ಟಿನ ಗೌರವಾನ್ವಿತ ಮುಖ್ಯ ನ್ಯಾಯಮೂರ್ತಿಗಳಿಗೆ,
ರಾಜ್ಯದ ಗೃಹ ಸಚಿವರಿಗೆ ಮತ್ತು ಕಾನೂನು ಸಚಿವರಿಗೆ,
ಕೊಡಗಿನ ವಕೀಲರಿಗೆ, ಮತ್ತು ನನ್ನ ಹಾಗೆ ಎಂದಾದರೂ ಸಾಕ್ಷಿ ಹೇಳಬೇಕಾಗಿ ಬರಬಹುದಾದ ಎಲ್ಲರಿಗೂ,

ನಮಸ್ಕಾರ.

ನಾನು ದಕ್ಷಿಣ ಕೊಡಗಿನವಳು. ಐದು ಎಕರೆ ಕಾಫಿ ತೋಟ ಇದೆ, ಜೊತೆಗೆ ಸ್ವಲ್ಪ ಕರಿಮೆಣಸು. ಕಾನೂನು ಓದಿದವಳಲ್ಲ. ಒಂದು ಅಪಘಾತದ ಕೇಸಿನಲ್ಲಿ ಸಾಕ್ಷಿಯಾಗಿ ಒಂದೂವರೆ ವರ್ಷ ಕೋರ್ಟಿಗೆ ಓಡಾಡಿದೆ. ಕೇಸು ಈಗ ಮುಗಿದಿದೆ. ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ, ಅದನ್ನು ಇಲ್ಲಿ ಚರ್ಚೆ ಮಾಡುವುದೂ ಇಲ್ಲ. ಕೋರ್ಟಿನ ಹೆಸರು, ಊರಿನ ಹೆಸರು, ಯಾರ ಹೆಸರನ್ನೂ ಹಾಕುತ್ತಿಲ್ಲ. ನಾನು ಕಂಡದ್ದು ಒಂದೇ ಕೋರ್ಟಿನಲ್ಲಿ ನಡೆಯುವಂಥದ್ದಲ್ಲ ಅಂತ ನಿಮಗೂ ಗೊತ್ತು, ನಮಗೂ ಗೊತ್ತು.

2019ರ ಜನವರಿ. ರೋಬಸ್ಟಾ ಕೊಯ್ಲು ನಡೆಯುತ್ತಿತ್ತು. ಅವತ್ತು ಸಂತೆ. ಸಂಜೆ ಆರೂವರೆ ದಾಟಿತ್ತು. ಪಕ್ಕದ ಎಸ್ಟೇಟಿನ ಲೈನ್ ಮನೆಯ (ಕೆಲಸದವರಿಗೆ ಎಸ್ಟೇಟಿನವರು ಕೊಡುವ ಸಾಲು ಮನೆ) ಗಂಡ ಹೆಂಡತಿ ಸಂತೆ ಮುಗಿಸಿಕೊಂಡು ರಸ್ತೆ ಅಂಚಿನಲ್ಲಿ ನಡೆದು ಬರುತ್ತಿದ್ದರು. ನಾನು ಸ್ಕೂಟರಿನಲ್ಲಿ ಅವರ ಹಿಂದೆ, ಸ್ವಲ್ಪ ದೂರದಲ್ಲಿದ್ದೆ. ತಿರುವಿನಲ್ಲಿ ಎದುರಿನಿಂದ ಒಂದು ಪಿಕಪ್ ಬಂತು. ಬಂದದ್ದು ಕಂಡೆ, ಹೊಡೆದದ್ದು ಕಂಡೆ, ಅವರು ಚರಂಡಿಗೆ ಬಿದ್ದದ್ದು ಕಂಡೆ. ನಾನು ಕೈ ಅಡ್ಡ ಹಿಡಿದರೂ ಎರಡು ಗಾಡಿಗಳು ನಿಲ್ಲಿಸದೆ ಹೋದವು. ಮೂರನೆಯದು ಒಂದು ಜೀಪು, ಅದು ನಿಂತಿತು. ಮೈಸೂರಿಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಆ ಮನುಷ್ಯ ತೀರಿಕೊಂಡರು. ರಸ್ತೆಯಲ್ಲಿ ಅವರ ಚೀಲ ಒಡೆದು ಒಣಮೀನು, ಈರುಳ್ಳಿ ಚೆಲ್ಲಿತ್ತು. ಪೊಲೀಸರು ಬರುವವರೆಗೂ ಅದನ್ನು ಯಾರೂ ತೆಗೆಯಲಿಲ್ಲ. ಇವತ್ತಿಗೂ ಆ ತಿರುವಿನಲ್ಲಿ ಹೋಗುವಾಗ ನನಗೆ ಮೊದಲು ನೆನಪಾಗುವುದು ಆ ಈರುಳ್ಳಿ.

ಮರುದಿನ ಪೊಲೀಸರು ಮನೆಗೇ ಬಂದು ನನ್ನ ಹೇಳಿಕೆ ಬರೆದುಕೊಂಡರು. ಮರ್ಯಾದೆಯಿಂದಲೇ ಮಾತಾಡಿದರು. ಆಮೇಲೆ ಸುದ್ದಿಯೇ ಇಲ್ಲ. ಕೊರೊನಾ ಬಂತು, ಹೋಯಿತು. ಮೊದಲ ಸಮನ್ಸ್ ಕೈಗೆ ಬಂದಾಗ 2022ರ ಜೂನ್. ಮೂರೂವರೆ ವರ್ಷ ಆಗಿತ್ತು.

ಆವತ್ತಿನಿಂದ ನನ್ನದು ಐದು ವಾಯಿದೆ, ಅಂದರೆ ಕೋರ್ಟಿಗೆ ಹಾಜರಾಗಬೇಕಾದ ಐದು ದಿನ. ಆಕೆಯದು, ಅಂದರೆ ತೀರಿಕೊಂಡವರ ಹೆಂಡತಿಯದು, ಎಂಟು.

ನನ್ನ ಐದರ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಸಲ ಮ್ಯಾಜಿಸ್ಟ್ರೇಟರು ರಜೆ. ಎರಡನೇ ಸಲ ಆರೋಪಿ ಬಂದಿರಲಿಲ್ಲ. ಮೂರನೇ ಸಲ ವಕೀಲರ ಕಲಾಪ ಬಹಿಷ್ಕಾರ. ನಾಲ್ಕನೇ ಸಲ ನನ್ನನ್ನು ಕಟಕಟೆಗೆ ಹತ್ತಿಸಿ ಮುಖ್ಯ ವಿಚಾರಣೆ, ಅಂದರೆ ನನ್ನನ್ನು ಕರೆಸಿದ ಕಡೆಯ ವಕೀಲರ ಪ್ರಶ್ನೆಗಳು, ಮುಗಿಸಿದರು. ಪಾಟೀಸವಾಲಿಗೆ, ಅಂದರೆ ತಮ್ಮ ಕಡೆಯಿಂದ ನನಗೆ ಪ್ರಶ್ನೆ ಕೇಳಲು, ಎದುರು ವಕೀಲರು ಟೈಮ್ ಕೇಳಿದರು, ಸಿಕ್ಕಿತು. ಐದನೇ ಸಲ ಪಾಟೀಸವಾಲು ಆಯಿತು. ಅದಕ್ಕೆ ಹಿಡಿದದ್ದು ಹದಿನೈದು ನಿಮಿಷ.

ನನಗೆ ಹೋಗಿ ಬರುವ ಶಕ್ತಿ ಇದೆ. ಸ್ಕೂಟರ್ ಇದೆ, ಬಸ್ಸಿಗೆ ದುಡ್ಡಿದೆ, ತೋಟ ನೋಡಿಕೊಳ್ಳಲು ಮನೆಯಲ್ಲಿ ಜನ ಇದ್ದಾರೆ. ಈ ಪತ್ರ ನನಗೋಸ್ಕರ ಅಲ್ಲ. ಆಕೆಯ ಎಂಟು ದಿನಗಳಿಗೋಸ್ಕರ.

ಆಕೆ ಎರವ ಸಮುದಾಯದವರು. ಮನೆಯಲ್ಲಿ ಮಾತಾಡುವುದು ಅವರದೇ ಭಾಷೆ. ಕನ್ನಡ ಬರುತ್ತದೆ, ಆದರೆ ಸಂತೆಗೆ, ಕೆಲಸಕ್ಕೆ ಬೇಕಾದಷ್ಟು. ದಿನಗೂಲಿ. ಕೆಲಸಕ್ಕೆ ಹೋದರೆ ಕೂಲಿ, ಹೋಗದಿದ್ದರೆ ಇಲ್ಲ. ಕೊಯ್ಲಿನ ತಿಂಗಳಲ್ಲಿ ಕೆಜಿ ಲೆಕ್ಕದಲ್ಲಿ ಹಣ್ಣು ಕುಯ್ಯುವಾಗ ಒಂದು ದಿನ ತಪ್ಪಿದರೆ ಮಾಮೂಲಿ ಕೂಲಿಗಿಂತ ಜಾಸ್ತಿಯೇ ಹೋಗುತ್ತದೆ. ಆಕೆಯ ಎಂಟು ವಾಯಿದೆಯಲ್ಲಿ ಮೂರು ಕೊಯ್ಲಿನ ತಿಂಗಳಲ್ಲಿ ಬಂದವು. ಮೂರು ಮಳೆಗಾಲದಲ್ಲಿ.

ಕೊಡಗಿನ ಮಳೆಗಾಲ ಅಂದರೆ ಏನು ಅಂತ ಬೆಂಗಳೂರಿನಲ್ಲಿ ಕೂತು ಅಂದಾಜು ಮಾಡುವುದು ಕಷ್ಟ. ರಸ್ತೆಗೆ ಮರ ಬಿದ್ದರೆ ಬಸ್ಸು ಅಲ್ಲೇ ನಿಲ್ಲುತ್ತದೆ. ಕರೆಂಟ್ ಇಲ್ಲದೆ ವಾರಗಟ್ಟಲೆ ಮೊಬೈಲ್ ಚಾರ್ಜ್ ಆಗುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ಜೋರು ಮಳೆ ಬಂದರೆ ಮಕ್ಕಳನ್ನು ಶಾಲೆಗೆ ಕಳಿಸಲೂ ಜನ ಹಿಂದೆ ಮುಂದೆ ನೋಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ರೈಲೂ ಇಲ್ಲ. ಇರುವುದು ಬಸ್ಸು, ಇಲ್ಲದಿದ್ದರೆ ಜೀಪು, ಅದೂ ಇಲ್ಲದಿದ್ದರೆ ಕಾಲು. ಅಂಥ ಒಂದು ಆಗಸ್ಟಿನ ಬೆಳಗ್ಗೆ ಆರು ಗಂಟೆಗೆ ಆಕೆ ನಮ್ಮ ಗೇಟಿನ ಹತ್ತಿರ ಬಂದು ನಿಂತಿದ್ದರು. ಸಮನ್ಸನ್ನು ನಾಲ್ಕು ಮಡಿಕೆ ಮಾಡಿ, ದಿನಸಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರವಿಕೆಯೊಳಗೆ ಇಟ್ಟುಕೊಂಡಿದ್ದರು. ಸೀರೆ ಮೊಣಕಾಲಿನ ತನಕ ಒದ್ದೆ. ಸಮನ್ಸ್ ಮಾತ್ರ ಗರಿಗರಿ.

"ಅಕ್ಕಾ, ಇದು ಒದ್ದೆಯಾದರೆ ಬೈತಾರಾ?" ಅಂತ ಕೇಳಿದರು.

ಕೋರ್ಟಿನ ವರಾಂಡದಲ್ಲಿ ಎರಡು ಬೆಂಚು. ಅದರಲ್ಲಿ ವಕೀಲರು, ಅವರ ಗುಮಾಸ್ತರು. ನಾವು ಮೆಟ್ಟಿಲ ಮೇಲೆ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೂ ಏಳಿಸಿದರು, ದಾರಿಗೆ ಅಡ್ಡ ಅಂತ. ಅದೂ ನಿಜವೇ. ಆಮೇಲೆ ಗೋಡೆಗೆ ಒರಗಿ ನಿಂತೆವು. ಆಕೆ ಬೆಳಗ್ಗೆಯಿಂದ ನೀರು ಕುಡಿದಿರಲಿಲ್ಲ. ಬಾಟಲಿ ಕೊಟ್ಟರೆ ಬೇಡ ಅಂದರು. ಯಾಕೆ ಅಂತ ನನಗೆ ಮಧ್ಯಾಹ್ನ ಅರ್ಥವಾಯಿತು. ಹೆಂಗಸರಿಗೆ ಹೋಗಲು ಇದ್ದ ಒಂದು ಶೌಚಾಲಯಕ್ಕೆ ಬೀಗ. ಕೀಲಿ ಯಾರ ಹತ್ತಿರ ಅಂತ ಕೇಳಲು ಆಕೆಗೆ ನಾಚಿಕೆ.

ಸಂಜೆ ನಾಲ್ಕೂವರೆಗೆ ಹೆಸರು ಕೂಗಿದರು. ಓಡಿ ಹೋದೆವು. ಆರೋಪಿ ಬಂದಿಲ್ಲ, ಮುಂದಿನ ವಾಯಿದೆ ಇಂಥ ದಿನ ಅಂದರು. ಅಷ್ಟೆ. ಅರ್ಧ ನಿಮಿಷ. ಆರೋಪಿ ಬಂದಿಲ್ಲ ಅನ್ನುವುದು ಬೆಳಗ್ಗೆ ಹನ್ನೊಂದಕ್ಕೇ ಗೊತ್ತಾಗಿತ್ತಲ್ವಾ? ಅವಾಗಲೇ ಹೇಳಿದ್ದರೆ ಮಧ್ಯಾಹ್ನದ ಬಸ್ಸಾದರೂ ಸಿಗುತ್ತಿತ್ತು.

ಮನೆಗೆ ಬಂದ ಮೇಲೆ ನಾನು ಓದಲು ಶುರು ಮಾಡಿದೆ. ಗೊತ್ತಿರುವ ಒಬ್ಬ ವಕೀಲರನ್ನು ಕೇಳಿ, ಪುಸ್ತಕ ತಂದು, ಒಂದೊಂದೇ ಕಲಮು ಓದಿದೆ. ಓದಿ ಆಶ್ಚರ್ಯವಾಯಿತು. ನಾನು ಕೇಳಬೇಕೆಂದಿದ್ದದ್ದೆಲ್ಲ ಆಗಲೇ ಬರೆದಿಟ್ಟಿದ್ದಾರೆ.

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 309ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಮಿನಲ್ಲೂ ಇದೆ. ಸಾಕ್ಷಿಗಳು ಬಂದು ನಿಂತಿದ್ದರೆ ಅವರ ವಿಚಾರಣೆ ಮಾಡದೆ ಕೇಸು ಮುಂದಕ್ಕೆ ಹಾಕಬಾರದು. ಹಾಕಲೇಬೇಕಾದರೆ ವಿಶೇಷ ಕಾರಣ ಬರೆದಿಡಬೇಕು. ವಕೀಲರಿಗೆ ಬೇರೆ ಕೋರ್ಟಿನಲ್ಲಿ ಕೆಲಸ ಇದೆ ಅನ್ನುವುದು ಕಾರಣವೇ ಅಲ್ಲ. ಸಾಕ್ಷಿ ಹಾಜರಿದ್ದು ವಕೀಲರು ತಯಾರಿಲ್ಲದಿದ್ದರೆ, ಕೋರ್ಟು ಸಾಕ್ಷಿಯ ಹೇಳಿಕೆ ಬರೆದುಕೊಂಡು, ಪಾಟೀಸವಾಲು ಇಲ್ಲದೆಯೇ ಮುಗಿಸಬಹುದು. ಹೊಸ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕಕ್ಷಿಯ ಕೈಮೀರಿದ ಕಾರಣ ಇದ್ದರೂ ಎರಡಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡುವಂತಿಲ್ಲ. ಮುಂದೂಡಿಕೆ ಕೇಳಿದವರಿಂದ ಖರ್ಚು ಕಟ್ಟಿಸುವ ಅಧಿಕಾರವೂ ಕೋರ್ಟಿಗೆ ಇದೆ.

ಸುಪ್ರೀಂ ಕೋರ್ಟೇ 2000ದಲ್ಲಿ, ಸ್ವರಣ್ ಸಿಂಗ್ ಮತ್ತು ಪಂಜಾಬ್ ರಾಜ್ಯದ ಕೇಸಿನಲ್ಲಿ, ನಮ್ಮಂಥವರ ಪಾಡು ಬರೆದಿದೆ. ಸಾಕ್ಷಿಗೆ ಕೂರಲು ಜಾಗ ಇಲ್ಲ, ಒಂದು ಲೋಟ ನೀರಿಗೂ ಗತಿ ಇಲ್ಲ, ಇಡೀ ದಿನ ಕಾದ ಮೇಲೆ ಕೇಸು ಮುಂದಕ್ಕೆ ಹೋಗಿದೆ ಅಂತ ತಿಳಿಯುತ್ತದೆ ಅನ್ನುವ ಅರ್ಥದ ಮಾತುಗಳು ಆ ತೀರ್ಪಿನಲ್ಲಿವೆ. ಅದನ್ನು ಓದಿದಾಗ ನಮ್ಮ ವರಾಂಡವನ್ನೇ ನೋಡಿ ಬರೆದ ಹಾಗೆ ಅನ್ನಿಸಿತು. ಆ ತೀರ್ಪು ಬಂದಾಗ ಆಕೆ ಇನ್ನೂ ಚಿಕ್ಕ ಹುಡುಗಿ.

ಗೌರವಾನ್ವಿತ ಮುಖ್ಯ ನ್ಯಾಯಮೂರ್ತಿಗಳೇ, ಹೊಸ ಕಾನೂನು ಬೇಕು ಅಂತ ನಾನು ಕೇಳುತ್ತಿಲ್ಲ. ಇರುವ ಕಾನೂನು ಕೆಳಗಿನ ಕೋರ್ಟಿನ ಬಾಗಿಲ ತನಕ ಬರಲಿ ಅಂತ ಕೇಳುತ್ತಿದ್ದೇನೆ. ಕೆಳಗಿನ ಕೋರ್ಟುಗಳಲ್ಲಿ ಎಷ್ಟು ಕೇಸುಗಳ ಹೊರೆ ಇದೆ ಅಂತ ನಾನೇ ಕಂಡಿದ್ದೇನೆ. ಬೆಂಚ್ ಕ್ಲರ್ಕ್ ಮುಂದಿದ್ದ ಕಡತಗಳ ರಾಶಿಯ ಹಿಂದೆ ಅವರ ಮುಖವೇ ಕಾಣುತ್ತಿರಲಿಲ್ಲ. ಮ್ಯಾಜಿಸ್ಟ್ರೇಟರು ಊಟಕ್ಕೆ ಎದ್ದದ್ದು ಎರಡೂವರೆಗೆ. ಅವರು ಸುಮ್ನೆ ಕೂತಿರಲಿಲ್ಲ. ಆದರೂ ಒಂದು ಮಾತು. ಅದೇ ದಿನ ಅದೇ ಕೋರ್ಟಿನಲ್ಲಿ ಎಷ್ಟು ಸಾಕ್ಷಿಗಳನ್ನು ವಿಚಾರಣೆ ಮಾಡಲು ಸಾಧ್ಯವೋ ಅಷ್ಟೇ ಜನರಿಗೆ ಸಮನ್ಸ್ ಕಳಿಸಬಹುದಲ್ವಾ? ಬೆಳಗ್ಗೆ ಹಾಜರಿ ಕರೆದ ಕೂಡಲೇ ಇವತ್ತು ಆಗುವುದಿಲ್ಲ ಅಂತ ಗೊತ್ತಾದ ಸಾಕ್ಷಿಗಳನ್ನು ಅವಾಗಲೇ ಬಿಡಬಹುದಲ್ವಾ? ಮ್ಯಾಜಿಸ್ಟ್ರೇಟರು ರಜೆ ಇದ್ದರೆ ಹಿಂದಿನ ದಿನವೇ ಒಂದು ಮೆಸೇಜ್ ಬರಬಹುದು. ಹೊಸ ಕಾನೂನಿನ 71ನೇ ಕಲಮಿನ ಪ್ರಕಾರ ಸಾಕ್ಷಿಗೆ ಸಮನ್ಸನ್ನೇ ಮೊಬೈಲ್ ಮೂಲಕ ಕಳಿಸಬಹುದು. ಸಮನ್ಸ್ ಬರುವ ಫೋನಿಗೆ "ನಾಳೆ ಬರಬೇಡಿ" ಅನ್ನುವ ಮಾತು ಬರಲಾರದೇ? ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರತಿ ಕೇಸಿಗೂ ಕೊಡುವ, ಅಕ್ಷರ ಅಂಕಿ ಸೇರಿ 16 ಇರುವ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ದಿನಾಂಕ ಕಾಣುತ್ತದೆ. ನನಗೆ ಆ ನಂಬರ್ ಸಿಕ್ಕಿದ್ದು ನಾಲ್ಕನೇ ವಾಯಿದೆಯಲ್ಲಿ. ಪ್ರತಿ ಸಮನ್ಸಿನ ಮೇಲೂ ಅದನ್ನು ದೊಡ್ಡದಾಗಿ ಅಚ್ಚು ಮಾಡಿ.

ಇನ್ನು ದುಡ್ಡಿನ ಮಾತು. ಸಾಕ್ಷಿಯ ಖರ್ಚನ್ನು ಸರ್ಕಾರದಿಂದ ಕೊಡಿಸಲು ಕೋರ್ಟಿಗೆ ಅಧಿಕಾರ ಇದೆ. ಹಿಂದೆ 312ನೇ ಕಲಮು, ಈಗ 350. ಇದು ನನಗೂ ಗೊತ್ತಿರಲಿಲ್ಲ, ಆಕೆಗೂ ಗೊತ್ತಿರಲಿಲ್ಲ, ಯಾರೂ ಹೇಳಲೂ ಇಲ್ಲ. ಕೇಳಿದವರಿಗೆ ಮಾತ್ರ ಸಿಗುವ ಭತ್ಯೆ ಕೇಳಲು ಬರುವವರಿಗೇ ಸಿಗುತ್ತದೆ. ಕೇಳಲು ಬಾರದವರ ಕೂಲಿಯೇ ಹೋಗುವುದು. ದಯವಿಟ್ಟು ಸಾಕ್ಷಿ ಕೇಳುವ ತನಕ ಕಾಯಬೇಡಿ. ಬಂದ ದಿನವೇ, ಹೊರಡುವ ಮುಂಚೆ, ಬಸ್ ಚಾರ್ಜ್ ಮತ್ತು ಒಂದು ದಿನದ ಕೂಲಿ ಕೈಗೆ ಕೊಡುವ ಏರ್ಪಾಡು ಮಾಡಿ. ಗೃಹ ಸಚಿವರೇ, ಕಾನೂನು ಸಚಿವರೇ, ಇದು ನಿಮ್ಮ ಕೈಯಲ್ಲಿರುವ ಕೆಲಸ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ.

ಎಂಟನೇ ವಾಯಿದೆ. 2023ರ ಡಿಸೆಂಬರ್. ನನ್ನ ಸಾಕ್ಷ್ಯ ಮುಗಿದಿದ್ದರಿಂದ ನಾನು ಒಳಗೆ, ಹಿಂದಿನ ಸಾಲಿನಲ್ಲಿ ಕೂತಿದ್ದೆ. ಆಕೆ ಚಪ್ಪಲಿ ಹೊರಗೆ ಬಿಟ್ಟು ಬಂದು ಕಟಕಟೆ ಹತ್ತಿದರು. ಪ್ರಮಾಣ ಹೇಳಿಸಿದರು. ಮುಖ್ಯ ವಿಚಾರಣೆ ಹೇಗೋ ಆಯಿತು. ಅದರಲ್ಲೇ ನನಗೆ ಒಂದು ಭಯ ಶುರುವಾಗಿತ್ತು. ಆಕೆ ಹೇಳಿದ್ದು, "ಗಾಡಿ ಜೋರು ಬಂತು, ಇವರಿಗೆ ಹೊಡೀತು." ಟೈಪ್ ಆದದ್ದು, "ಸದರಿ ವಾಹನವನ್ನು ಆರೋಪಿಯು ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು." ಅರ್ಥ ಹತ್ತಿರದ್ದೇ ಇರಬಹುದು. ಆದರೆ ಅದು ಆಕೆಯ ಮಾತಲ್ಲ. ನಾಳೆ ಯಾರಾದರೂ "ಅಜಾಗರೂಕತೆ ಅಂದರೆ ಏನಮ್ಮಾ?" ಅಂತ ಕೇಳಿದರೆ ಆಕೆ ಏನು ಹೇಳಬೇಕು?

ಆಮೇಲೆ ಪಾಟೀಸವಾಲು. ಕೋರ್ಟು ನೋಡಿದವರಿಗೆ ಗೊತ್ತು, ಅಲ್ಲಿ ಪ್ರಶ್ನೆ ಬರುವುದೇ ಒಂದು ಬಗೆಯಲ್ಲಿ. "ನೀವು ಇಂಥದ್ದು ಮಾಡಿಲ್ಲ ಎಂದರೆ ಸರಿಯೇ?" ಉತ್ತರ "ಸರಿ", ಇಲ್ಲ "ಸರಿಯಲ್ಲ". ಓದಿದವರಾದ ನಮಗೇ ಒಂದು ಕ್ಷಣ ತಲೆ ತಿರುಗುತ್ತದೆ. ಇಲ್ಲ ಅನ್ನುವುದಕ್ಕೆ ಹೌದು ಅನ್ನಬೇಕೋ, ಅಲ್ಲ ಅನ್ನಬೇಕೋ?

ವಕೀಲರು ಮೊದಲು ಕೇಳಿದ್ದು ದೂರ. ಗಾಡಿ ಎಷ್ಟು ಅಡಿ ದೂರದಲ್ಲಿತ್ತು? ಆಕೆ, "ನಾಲ್ಕು ಕಾಫಿ ಗಿಡದಷ್ಟು" ಅಂದರು. ಅಡಿಯಲ್ಲಿ ಹೇಳಿ ಅಂದರು. ಆಕೆ ಸುಮ್ಮನಾದರು. ನನಗೆ ಎದ್ದು ನಿಂತು ಹೇಳಬೇಕು ಅನ್ನಿಸಿತು. ರೋಬಸ್ಟಾ ಗಿಡಗಳನ್ನು ಎಷ್ಟು ಅಂತರದಲ್ಲಿ ನೆಡುತ್ತಾರೆ ಅಂತ ಕೊಡಗಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆಕೆ ಹೇಳಿದ್ದು ಸರಿಯಾದ ಅಳತೆಯೇ. ಆಕೆ ಇಪ್ಪತ್ತು ವರ್ಷದಿಂದ ನೆಲ ಅಳೆಯುತ್ತಿರುವುದೇ ಆ ಗಿಡಗಳಲ್ಲಿ.

ಆಮೇಲೆ ಕೇಳಿದರು, "ಘಟನೆ ನಡೆದಾಗ ಕತ್ತಲಾಗಿತ್ತು ಎಂದರೆ ಸರಿಯೇ?"

"ಸರಿ."

"ಕತ್ತಲಲ್ಲಿ ನಿಮಗೆ ಗಾಡಿ ಕಾಣಲಿಲ್ಲ ಎಂದರೆ ಸರಿಯೇ?"

"ಸರಿ."

"ನಿಮ್ಮ ಗಂಡ ರಸ್ತೆಯ ಮಧ್ಯದಲ್ಲಿ ನಡೆಯುತ್ತಿದ್ದರು ಎಂದರೆ ಸರಿಯೇ?"

"ಸರಿ."

ನನ್ನ ಕೈ ತಣ್ಣಗಾಯಿತು. ಆಕೆ ಸುಳ್ಳು ಹೇಳುತ್ತಿರಲಿಲ್ಲ. ಪ್ರಶ್ನೆಗೆ ಉತ್ತರವನ್ನೇ ಹೇಳುತ್ತಿರಲಿಲ್ಲ. ತೋಟದಲ್ಲಿ ರೈಟರ್ (ಲೆಕ್ಕ, ಕೆಲಸ ನೋಡಿಕೊಳ್ಳುವವರು) ಏನಾದರೂ ಹೇಳಿದರೆ ಕೆಲಸದವರು ತಲೆ ತಗ್ಗಿಸಿ "ಸರಿ" ಅನ್ನುತ್ತಾರೆ. ಮೇಸ್ತ್ರಿ ಹೇಳಿದರೂ "ಸರಿ". ಡಾಕ್ಟರ್ ಹೇಳಿದರೂ "ಸರಿ". ಕೇಳಿಸಿತು, ನಿಮ್ಮ ಮಾತಿಗೆ ಎದುರಾಡುವುದಿಲ್ಲ ಅಂತ ಅದರ ಅರ್ಥ. ಪ್ಯಾಂಟು, ಕೋಟು ಹಾಕಿದ ಒಬ್ಬರು ಗಟ್ಟಿ ದನಿಯಲ್ಲಿ "ಸರಿಯೇ?" ಅಂತ ಕೇಳಿದಾಗ ಆಕೆಗೆ ಗೊತ್ತಿದ್ದ ಮರ್ಯಾದೆಯ ಉತ್ತರ ಅದೊಂದೇ. ಆ ಮರ್ಯಾದೆಯ ಮಾತೇ ಆಕೆಯ ಗಂಡನ ಕೇಸಿಗೆ ಎದುರಾಗಿ ಟೈಪ್ ಆಗುತ್ತಿತ್ತು.

ಮ್ಯಾಜಿಸ್ಟ್ರೇಟರಿಗೆ ಅನುಮಾನ ಬಂತು. ನಾನು ಬದುಕಿರುವವರೆಗೂ ಅವರನ್ನು ನೆನೆಯುತ್ತೇನೆ. ಪೆನ್ನು ಕೆಳಗಿಟ್ಟು, "ಅಮ್ಮಾ, ಪ್ರಶ್ನೆ ಅರ್ಥ ಆಯ್ತಾ ನಿಮಗೆ?" ಅಂತ ಕೇಳಿದರು. ಆಕೆ ಅದಕ್ಕೂ "ಸರಿ" ಅಂದರು. ಎರವರ ಭಾಷೆ ಬರುವವರು ಯಾರಾದರೂ ಇದ್ದಾರಾ ಅಂತ ಮ್ಯಾಜಿಸ್ಟ್ರೇಟರು ಕೇಳಿದರು. ಬೇರೆ ಯಾವುದೋ ಕೇಸಿಗೆ ಬಂದು ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹುಡುಗ ಕೈ ಎತ್ತಿದ. ಅವನಿಂದಲೂ ಪ್ರಮಾಣ ಮಾಡಿಸಿ ಪಕ್ಕದಲ್ಲಿ ನಿಲ್ಲಿಸಿದರು. ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿಸಿದರು.

ಆಕೆ ಅವತ್ತು ಮೊದಲ ಸಲ ತಲೆ ಎತ್ತಿದರು. ಹುಡುಗನ ಕಡೆ ನೋಡಿ ಬಡಬಡನೆ ಮಾತಾಡಿದರು. ಅವನು ಆಕೆಯ ಮಾತನ್ನೇ ಕನ್ನಡದಲ್ಲಿ ಹೇಳಿದ: "ಕತ್ತಲಾಗಿತ್ತು. ಆದರೆ ಗಾಡಿಯದೇ ಲೈಟು ಇತ್ತು. ಆ ಬೆಳಕಲ್ಲೇ ಕಂಡದ್ದು. ಇವರು ಚರಂಡಿ ಕಡೆ ಇದ್ದರು, ರಸ್ತೆ ಕಡೆ ನಾನಿದ್ದೆ. ಗಾಡಿ ಬಂದದ್ದು ನೋಡಿ ನನ್ನನ್ನು ಆ ಕಡೆ ತಳ್ಳಿದರು."

ಈ ಕೊನೆಯ ಮಾತು ಪೊಲೀಸರು ಬರೆದುಕೊಂಡ ಹೇಳಿಕೆಯಲ್ಲಿ ಇರಲಿಲ್ಲ. ಐದು ವರ್ಷದಲ್ಲಿ ಯಾರೂ ಆಕೆಯ ಭಾಷೆಯಲ್ಲಿ ಆಕೆಯನ್ನು ಕೇಳಿಯೇ ಇರಲಿಲ್ಲ.

ಆ ಹುಡುಗ ಅವತ್ತು ಅಲ್ಲಿ ಇಲ್ಲದಿದ್ದರೆ?

ಸಾಕ್ಷಿಯ ಹೇಳಿಕೆಯನ್ನು ಆಕೆಗೆ ಓದಿ ಹೇಳಬೇಕು, ತಪ್ಪಿದ್ದರೆ ತಿದ್ದಬೇಕು, ಬರೆದ ಭಾಷೆ ಆಕೆಗೆ ಅರ್ಥವಾಗದಿದ್ದರೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು ಅಂತ ಕಾನೂನಿದೆ. ಹಿಂದೆ 278, ಈಗ 313. ದುಭಾಷಿ ಸರಿಯಾಗಿಯೇ ಅನುವಾದ ಮಾಡಬೇಕು ಅನ್ನುವ ಕಲಮೂ ಇದೆ. ಆದರೆ ದುಭಾಷಿಯೇ ಇಲ್ಲದಿದ್ದರೆ? ಕೊಡಗು ಚಿಕ್ಕ ಜಿಲ್ಲೆ. ಐದೇ ತಾಲ್ಲೂಕು. ಅಷ್ಟರಲ್ಲೇ ಕೊಡವ ತಕ್ಕ್, ಅರೆಭಾಷೆ, ಎರವರ ಮಾತು, ಕುರುಬರ ಮಾತು, ಮಲಯಾಳ, ತುಳು ಎಲ್ಲ ಇವೆ. ಈಗ ತೋಟಗಳಿಗೆ ಅಸ್ಸಾಂ ಕಡೆಯಿಂದಲೂ ಜನ ಬರುತ್ತಾರೆ. ಇಂಥ ಜಿಲ್ಲೆಯ ಪ್ರತಿ ಕೋರ್ಟಿನಲ್ಲಿ ದುಭಾಷಿಗಳ ಒಂದು ಪಟ್ಟಿ, ಅವರ ಫೋನ್ ನಂಬರ್, ಬಂದ ದಿನಕ್ಕೆ ಅವರಿಗೆ ಸಂಭಾವನೆ. ಇಷ್ಟು ಬೇಕು. ನಮ್ಮ ಹಾಡಿಗಳಲ್ಲಿ ಓದಿದ ಹುಡುಗ ಹುಡುಗಿಯರು ಈಗ ಇದ್ದಾರೆ. ಅವರಿಗೆ ಇದೊಂದು ಗೌರವದ ಕೆಲಸವೂ ಆಗುತ್ತದೆ.

ವಕೀಲ ಬಾಂಧವರೇ, ಪಾಟೀಸವಾಲು ಮಾಡಬೇಡಿ ಅಂತ ಹೇಳುತ್ತಿಲ್ಲ. ಆ ಪಿಕಪ್ ಓಡಿಸುತ್ತಿದ್ದ ಹುಡುಗನೂ ನಮ್ಮ ಕಡೆಯವನೇ. ಅವನೂ ಬಂದ ವಾಯಿದೆಗಳಲ್ಲಿ ಗೋಡೆ ಬದಿ ನಿಂತು ಕಾದವನೇ, ಅವನ ಕೂಲಿಯೂ ಹೋಗಿದೆ. ಅವನ ಪರವಾಗಿ ಗಟ್ಟಿಯಾಗಿ ಪ್ರಶ್ನೆ ಕೇಳುವುದು ನಿಮ್ಮ ಕರ್ತವ್ಯ. ಆದರೆ ಅರ್ಥವಾಗುವ ಹಾಗೆ ಕೇಳಿ. ಅರ್ಥವಾಗದ ಪ್ರಶ್ನೆಗೆ ಸಿಕ್ಕಿದ "ಸರಿ" ಯಾರಿಗೂ ನ್ಯಾಯ ಕೊಡುವುದಿಲ್ಲ.

ನಮ್ಮ ಕೇಸಿನಲ್ಲಿ ಒಬ್ಬರು ತಿರುಗಿ ಬಿದ್ದರು. ಸ್ಥಳ ಮಹಜರಿಗೆ, ಅಂದರೆ ಘಟನೆ ನಡೆದ ಜಾಗ ನೋಡಿ ಪೊಲೀಸರು ಬರೆಯುವ ವರದಿಗೆ, ಸಹಿ ಹಾಕಿದ ಅಂಗಡಿಯವರು. "ಸಹಿ ನನ್ನದೇ, ಎಲ್ಲಿ ಹಾಕಿದ್ದು ನೆನಪಿಲ್ಲ" ಅಂದುಬಿಟ್ಟರು. ಪ್ರತಿಕೂಲ ಸಾಕ್ಷಿ ಅಂತ ಬರೆದುಕೊಂಡರು. ಊರಲ್ಲಿ ಜನ ಅವರು ದುಡ್ಡು ತಿಂದರು ಅಂತ ಆಡಿಕೊಂಡರು. ನಾನು ಅವರನ್ನು ಬಲ್ಲೆ. ನಾಲ್ಕು ಸಲ ಅಂಗಡಿ ಮುಚ್ಚಿ ಬಂದ ಮನುಷ್ಯ. ನೆನಪಿದೆ ಅಂದರೆ ಪಾಟೀಸವಾಲಿಗೆ ಇನ್ನೊಂದು ದಿನ, ನೆನಪಿಲ್ಲ ಅಂದರೆ ಅವತ್ತೇ ಬಿಡುಗಡೆ. ಅವರು ಮಾಡಿದ್ದು ತಪ್ಪು. ಆದರೆ ಆ ತಪ್ಪಿಗೆ ಅವರನ್ನು ನೂಕಿದ್ದು ಯಾವುದು ಅಂತಲೂ ನೋಡಬೇಕಲ್ವಾ?

ಬೆದರಿಕೆಯ ಬಗ್ಗೆಯೂ ಒಂದೆರಡು ಮಾತು. ನಮ್ಮ ಮನೆಗೆ ಒಮ್ಮೆ ಇಬ್ಬರು ಬಂದು "ಮಾತಾಡಿ ಮುಗಿಸೋಣ" ಅಂದರು. ಆಗುವುದಿಲ್ಲ ಅಂದೆ, ಹೋದರು. ನನಗೆ ಹೇಳುವ ಧೈರ್ಯ ಇತ್ತು, ಯಾಕೆಂದರೆ ಮನೆ ನನ್ನದು. ಲೈನ್ ಮನೆಯಲ್ಲಿರುವವರ ಮನೆ, ಕೂಲಿ, ತೆಗೆದುಕೊಂಡ ಅಡ್ವಾನ್ಸ್ ಎಲ್ಲ ಒಬ್ಬರ ಕೈಯಲ್ಲಿರುತ್ತದೆ. ಅವರನ್ನು ಹೆದರಿಸಲು ಯಾರೂ ಬಾಯಿ ತೆರೆಯಬೇಕಿಲ್ಲ. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮಹೇಂದರ್ ಚಾವ್ಲಾ ಕೇಸಿನಲ್ಲಿ ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟು, ಇಡೀ ದೇಶದಲ್ಲಿ ಅದು ಕಾನೂನಿನ ಹಾಗೆ ಜಾರಿಯಲ್ಲಿರಬೇಕು ಅಂತ ಹೇಳಿತು. ಹೆದರಿಕೆ ಇರುವ ಸಾಕ್ಷಿ ಅರ್ಜಿ ಕೊಡಬಹುದು. ಅದನ್ನು ನೋಡಲು ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಪ್ರತಿ ಜಿಲ್ಲೆಯಲ್ಲಿ ಒಂದು ಸಮಿತಿ ಇರಬೇಕು. ಹೊಸ ಸಂಹಿತೆಯ 398ನೇ ಕಲಮು ಪ್ರತಿ ರಾಜ್ಯವೂ ಇಂಥ ಯೋಜನೆ ಮಾಡಲೇಬೇಕು ಅನ್ನುತ್ತದೆ. ಈ ವಿಷಯ ಸಮನ್ಸಿನ ಹಿಂದೆ ನಾಲ್ಕು ಸಾಲಿನಲ್ಲಿ ಅಚ್ಚಾಗಿದ್ದರೆ ಎಷ್ಟು ಜನಕ್ಕೆ ಧೈರ್ಯ ಬರುತ್ತಿತ್ತು! ಈಗ ಸಮನ್ಸಿನಲ್ಲಿ ದೊಡ್ಡದಾಗಿ ಕಾಣುವುದು, ಬರದಿದ್ದರೆ ವಾರಂಟ್ ಅನ್ನುವ ಮಾತು.

ಇನ್ನೊಂದು, ದೂರದ ಊರುಗಳಿಗೆ. ಹೊಸ ಕಾನೂನಿನಲ್ಲಿ ಸಾಕ್ಷಿಯ ಹೇಳಿಕೆಯನ್ನು ವಿಡಿಯೋ ಮೂಲಕ ಪಡೆಯಬಹುದು, ಅದಕ್ಕೆ ಸ್ಥಳಗಳನ್ನು ರಾಜ್ಯ ಸರ್ಕಾರ ಗೊತ್ತುಮಾಡಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕವಾದರೂ ಕುಟ್ಟ, ಕರಿಕೆ, ಮಾಕುಟ್ಟದ ಕಡೆಯ ಸಾಕ್ಷಿಗಳಿಗೆ ಹತ್ತಿರದಲ್ಲೇ ಅಂಥ ಜಾಗ ಸಿಗುವ ಹಾಗೆ ಮಾಡಿ. ಅಲ್ಲಿ ಕರೆಂಟು, ನೆಟ್ಟು ಇರುವುದನ್ನು ಮೊದಲು ನೋಡಿಕೊಳ್ಳಿ.

ಕೊನೆಯಲ್ಲಿ ನನ್ನ ಜಿಲ್ಲೆಯ ಜನರಿಗೆ. ಅವತ್ತು ನಿಲ್ಲಿಸದೆ ಹೋದ ಆ ಎರಡು ಗಾಡಿಯವರ ಮೇಲೆ ನನಗೆ ತುಂಬ ದಿನ ಸಿಟ್ಟಿತ್ತು. ಕೋರ್ಟಿನ ವರಾಂಡ ಕಂಡ ಮೇಲೆ ಅವರು ಯಾಕೆ ನಿಲ್ಲಿಸಲಿಲ್ಲ ಅಂತ ಅರ್ಥವಾಯಿತು. ಆದರೂ ನಿಲ್ಲಿಸಿ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದ ಮಾತ್ರಕ್ಕೆ ನಿಮ್ಮನ್ನು ಯಾರೂ ಕೇಸಿನಲ್ಲಿ ಸಿಕ್ಕಿಸುವಂತಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ನಿಮಗೆ ರಕ್ಷಣೆ ಕೊಡುತ್ತದೆ. ಹೆಂಗಸರನ್ನು, 60 ದಾಟಿದವರನ್ನು ಹೇಳಿಕೆಗೆ ಠಾಣೆಗೆ ಬನ್ನಿ ಅಂತ ಪೊಲೀಸರು ಕಡ್ಡಾಯ ಮಾಡುವಂತಿಲ್ಲ, ಅವರೇ ಮನೆಗೆ ಬರಬೇಕು. ಸಂದೇಹ ಇದ್ದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ನಂಬರ್. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅಲ್ಲಿ ವಕೀಲರ ನೆರವು ಉಚಿತ. ಸಾಕ್ಷಿ ಹೇಳಿದ ಮೇಲೆ, ಟೈಪ್ ಆದದ್ದನ್ನು ಓದಿ ಹೇಳಿ ಅಂತ ಕೇಳಿ. ಪ್ರಶ್ನೆ ಅರ್ಥವಾಗದಿದ್ದರೆ "ಅರ್ಥ ಆಗಲಿಲ್ಲ" ಅನ್ನಿ. ಹಾಗಂದರೆ ಕೋರ್ಟಿಗೆ ಅಗೌರವ ಆಗುವುದಿಲ್ಲ.

ನಮ್ಮೂರಿನ ಇನ್ನೊಬ್ಬರಿಗೆ ಹೋದ ವಾರ ಸಮನ್ಸ್ ಬಂದಿದೆ. ಅರವತ್ತೆಂಟು ವರ್ಷದ ಹಿರಿಯರು. ಕಾಫಿ ಕಳ್ಳತನದ ಒಂದು ಕೇಸಿನಲ್ಲಿ ಮಹಜರು ಸಾಕ್ಷಿ. ನಿನ್ನೆ ಸಂಜೆ ಮನೆಗೆ ಬಂದು, "ಏನೇನು ತಗೊಂಡು ಹೋಗಬೇಕು ಮೋಳೇ (ಮಗಳೇ)?" ಅಂತ ಕೇಳಿದರು. ಆಧಾರ್ ಕಾರ್ಡ್, ಕನ್ನಡಕ, ಬಿಪಿ ಮಾತ್ರೆ, ಕೊಡೆ, ಒಂದು ಡಬ್ಬಿ ಊಟ ಅಂದೆ. ಎಷ್ಟು ಸಲ ಹೋಗಬೇಕಾಗುತ್ತದೆ ಅಂತ ಕೇಳಿದರು. ಒಂದೇ ಸಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಅವರ ವಾಯಿದೆ ಮುಂದಿನ ತಿಂಗಳು. ದಯವಿಟ್ಟು ಅವರ ಹೇಳಿಕೆಯನ್ನು ಅವತ್ತೇ ಬರೆದುಕೊಳ್ಳಿ.

ಇಂತಿ,
ದಕ್ಷಿಣ ಕೊಡಗಿನ ಒಬ್ಬ ಕಾಫಿ ಬೆಳೆಗಾರ್ತಿ